ಸಹಿ ಹಾಕುವ ಮೊದಲು ಒಂದು ರಾತ್ರಿ ಕಳೆಯಲಿ

“ಸರ್, ಕೆಲಸ ಹೋಗಿ ಹನ್ನೆರಡು ದಿನ ಆಯ್ತು. ಇಎಸ್‌ಐಯಿಂದ ಏನೋ ದುಡ್ಡು ಸಿಗ್ತದಂತೆ. ಅಮೆರಿಕದಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಇವತ್ತೇ ಅರ್ಜಿ ಹಾಕು ಅಂತಾಳೆ. ಇಲ್ಲಿ ಕೆಲವರು ಒಂದು ತಿಂಗಳು ಬಿಟ್ಟು ಹಾಕು ಅಂತಾರೆ. ಯಾವುದು ಸರಿ?”

2025ರ ಫೆಬ್ರುವರಿಯಲ್ಲಿ ನಮ್ಮ ಫೋನ್-ಇನ್ ಕಾರ್ಯಕ್ರಮಕ್ಕೆ ಸುರತ್ಕಲ್ ಕಡೆಯಿಂದ ಬಂದ ಕರೆ ಇದು. ಮಂಗಳೂರಿನ ಒಂದು ಮಳಿಗೆಯಲ್ಲಿ ಬಿಲ್ಲಿಂಗ್ ನೋಡಿಕೊಳ್ಳುತ್ತಿದ್ದ ಅಕ್ಕ. ಸಂಬಳ 18,000 ರೂಪಾಯಿ. ವ್ಯಾಪಾರ ಇಲ್ಲ ಅಂತ ನಾಲ್ಕು ಜನರನ್ನು ತೆಗೆದರು, ಅದರಲ್ಲಿ ಇವರೂ ಒಬ್ಬರು. ನಾನು ಉತ್ತರಕ್ಕೆ ತಯಾರಾಗುತ್ತಿದ್ದಾಗಲೇ ಅವರು ಇನ್ನೊಂದು ಮಾತು ಸೇರಿಸಿದರು. “ರಾಜೀನಾಮೆ ಬರೆದು ಕೊಡಿ, ಎಕ್ಸ್‌ಪೀರಿಯನ್ಸ್ ಲೆಟರ್ ಚೆಂದ ಮಾಡಿ ಕೊಡ್ತೇವೆ ಅಂದ್ರು. ಬರೆದು ಕೊಟ್ಟೆ.”

ಯಾವಾಗ ಅರ್ಜಿ ಹಾಕಬೇಕು ಎನ್ನುವ ಪ್ರಶ್ನೆಗೆ ಉತ್ತರ ಸುಲಭ ಉಂಟು. ಕಷ್ಟ ಇದ್ದದ್ದು ಆ ಕೊನೆಯ ಮಾತಿನಲ್ಲಿ.

ಮೊದಲು ಒಂದು ಗೊಂದಲ ಬಿಡಿಸಿಬಿಡೋಣ. ಕರ್ನಾಟಕದಲ್ಲಿ ನಿರುದ್ಯೋಗ ಭತ್ಯೆ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಯುವನಿಧಿ. ಅದು ಪದವಿ ಅಥವಾ ಡಿಪ್ಲೊಮಾ ಮುಗಿಸಿ 180 ದಿನ ಕಳೆದರೂ ಕೆಲಸ ಸಿಗದ ಹುಡುಗ ಹುಡುಗಿಯರಿಗೆ. ಪದವೀಧರರಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ. ಇದ್ದ ಕೆಲಸ ಕಳೆದುಕೊಂಡವರಿಗೆ ಅದರಲ್ಲಿ ಏನೂ ಇಲ್ಲ. ಅಂಥವರಿಗೆ ಇರುವುದು ಇಎಸ್‌ಐ ನಿಗಮದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ. ಬೀಮಿತ್ ವ್ಯಕ್ತಿ ಅಂದರೆ ವಿಮೆ ಇರುವವರು. ತಿಂಗಳಿಗೆ 21,000 ರೂಪಾಯಿಯೊಳಗೆ ಸಂಬಳ ಇದ್ದು, ಅದರಲ್ಲಿ ಶೇ 0.75 ಇಎಸ್‌ಐಗೆ ಅಂತ ಹಿಡಿಯುತ್ತಾರಲ್ಲ, ಅವರು. ನಮ್ಮ ಅಕ್ಕನ ಸಂಬಳದಲ್ಲಿ ತಿಂಗಳಿಗೆ 135 ರೂಪಾಯಿ ಹೋಗುತ್ತಿತ್ತು. ಮಾಲೀಕರು ತಮ್ಮ ಕಡೆಯಿಂದ ಶೇ 3.25 ಕಟ್ಟಬೇಕು.

2018ರ ಜುಲೈ 1ರಂದು ಈ ಯೋಜನೆ ಶುರುವಾದಾಗ ದಿನದ ಸರಾಸರಿ ಗಳಿಕೆಯ ಶೇ 25 ಮಾತ್ರ ಕೊಡುತ್ತಿದ್ದರು, ಅದೂ 90 ದಿನ ಕೆಲಸವಿಲ್ಲದೆ ಕಳೆದ ಮೇಲೆ. ಕೊರೊನಾ ಬಂದ ಮೇಲೆ ಅದನ್ನು ಶೇ 50ಕ್ಕೆ ಏರಿಸಿದರು, ಕಾಯುವ ಅವಧಿಯನ್ನು 30 ದಿನಕ್ಕೆ ಇಳಿಸಿದರು. ಅವಧಿ ಮತ್ತೆ ಮತ್ತೆ ವಿಸ್ತರಣೆಯಾಗಿ 2026ರ ಜೂನ್ 30ರವರೆಗೆ ಬಂತು. ಸಿಗುವುದು ಜೀವನದಲ್ಲಿ 90 ದಿನಕ್ಕೆ ಮಾತ್ರ.

ಎಷ್ಟು ಸಿಗುತ್ತದೆ? ಹಿಂದಿನ ನಾಲ್ಕು ವಂತಿಗೆ ಅವಧಿ, ಅಂದರೆ ಎರಡು ವರ್ಷದ ಒಟ್ಟು ಸಂಬಳವನ್ನು 730ರಿಂದ ಭಾಗಿಸಬೇಕು. ಎರಡು ವರ್ಷ ಪೂರ್ತಿ 18,000 ಪಡೆದಿದ್ದರೆ ಒಟ್ಟು 4,32,000. ದಿನಕ್ಕೆ ಸುಮಾರು 592 ರೂಪಾಯಿ, ಅದರ ಅರ್ಧ 296. 90 ದಿನಕ್ಕೆ 26,600 ರೂಪಾಯಿಯ ಆಸುಪಾಸು. ಇಲ್ಲೊಂದು ಸೂಕ್ಷ್ಮ ಇದೆ. ನಡುವೆ ನಾಲ್ಕು ತಿಂಗಳು ಕೆಲಸವಿಲ್ಲದೆ ಇದ್ದಿರಿ ಅಂತಿಟ್ಟುಕೊಳ್ಳಿ, ಆಗಲೂ ಭಾಗಿಸುವುದು 730ರಿಂದಲೇ. ಮೇಲಿನ ಸಂಖ್ಯೆ ಕುಗ್ಗುತ್ತದೆ, ಕೆಳಗಿನದು ಕದಲುವುದಿಲ್ಲ. ಇಂಜಿನಿಯರಿಂಗ್ ಓದಿದ ನನಗೇ ಇದು ಎರಡನೇ ಸಲ ಓದಿದಾಗ ಹೊಳೆದದ್ದು.

ಇನ್ನು ದಿನಾಂಕದ ವಿಷಯ. ಅಮೆರಿಕದ ತಂಗಿ ಹೇಳಿದ್ದು ಅವಳಿರುವ ಊರಿಗೆ ಸರಿ. ಕ್ಯಾಲಿಫೋರ್ನಿಯಾದಲ್ಲಿ ನೀವು ಅರ್ಜಿ ಹಾಕಿದ ವಾರದ ಭಾನುವಾರದಿಂದ ಲೆಕ್ಕ ಶುರು. ವಾರಕ್ಕೆ ಗರಿಷ್ಠ 450 ಡಾಲರ್, ಸಾಮಾನ್ಯವಾಗಿ 26 ವಾರದವರೆಗೆ. ತಡ ಮಾಡಿದರೆ ಆ ವಾರದ ಹಣ ಹೋಯಿತು. ನಮ್ಮಲ್ಲಿ ಹಾಗಲ್ಲ. ಕೆಲಸ ಹೋಗಿ 30 ದಿನ ಆಗದೆ ಹಣ ಕೊಡುವ ಪ್ರಶ್ನೆಯೇ ಬರುವುದಿಲ್ಲ. ಮುಂದೆ ಬರುವ ದಿನಗಳಿಗೆ ಮುಂಗಡವಾಗಿ ಕೇಳಲೂ ಆಗುವುದಿಲ್ಲ. ಹಾಗಂತ ಮರೆತು ಕೂರುವುದೂ ಬೇಡ, ಒಂದು ವರ್ಷದೊಳಗೆ ಹಾಕಲೇಬೇಕು. ಜನವರಿ 31ಕ್ಕೆ ಕೆಲಸ ಹೋದವರು ಮಾರ್ಚ್ ಮೊದಲ ವಾರದಲ್ಲಿ ಹಾಕಿದರೆ ಸರಿಯಾಯಿತು. ಮಾಲೀಕರ ಮೂಲಕ ಹೋಗಬೇಕಾಗಿಲ್ಲ. ಆನ್‌ಲೈನ್‌ನಲ್ಲಿ ನೀವೇ ಹಾಕಿ. ಆಧಾರ್ ಮತ್ತು ಬ್ಯಾಂಕ್ ಖಾತೆಯ ವಿವರ ಇಎಸ್‌ಐ ದಾಖಲೆಯೊಂದಿಗೆ ತಾಳೆಯಾಗುತ್ತದಾ ಅಂತ ಈ 30 ದಿನದೊಳಗೆ ನೋಡಿಟ್ಟುಕೊಳ್ಳಿ. ಕಾಯುವ ತಿಂಗಳಿಗೆ ಅದೇ ಕೆಲಸ.

ಇದಕ್ಕಿಂತ ಮುಖ್ಯವಾದ ದಿನಾಂಕ ಇನ್ನೊಂದಿದೆ, ನೀವು ಕೆಲಸಕ್ಕೆ ಸೇರಿದ ದಿನಾಂಕ. ಕನಿಷ್ಠ ಎರಡು ವರ್ಷ ವಿಮೆಯ ಕೆಲಸದಲ್ಲಿ ಇದ್ದಿರಬೇಕು. ಜೊತೆಗೆ ಕೆಲಸ ಹೋಗುವ ಹಿಂದಿನ ವಂತಿಗೆ ಅವಧಿಯಲ್ಲಿ 78 ದಿನ, ಅದಕ್ಕೂ ಹಿಂದಿನ ಮೂರರಲ್ಲಿ ಯಾವುದಾದರೂ ಒಂದರಲ್ಲಿ 78 ದಿನ ವಂತಿಗೆ ಬಿದ್ದಿರಬೇಕು. ವಂತಿಗೆ ಅವಧಿ ವರ್ಷಕ್ಕೆ ಎರಡು: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಈಗ 2023ರ ಫೆಬ್ರುವರಿ 10ಕ್ಕೆ ಮೊದಲ ಸಲ ಕೆಲಸಕ್ಕೆ ಸೇರಿದ ಹುಡುಗನೊಬ್ಬನನ್ನು ಊಹಿಸಿ. 2025ರ ಜನವರಿ 31ಕ್ಕೆ ಅವನನ್ನು ಕಳಿಸಿದರೆ ಎರಡು ವರ್ಷಕ್ಕೆ ಹತ್ತು ದಿನ ಕಡಿಮೆ! “ಇವತ್ತೇ ಹೋಗಿ, ನೋಟಿಸ್ ತಿಂಗಳ ಸಂಬಳ ಕೊಡ್ತೇವೆ” ಅಂದರೆ ನಾವೆಲ್ಲ ಖುಷಿಯಿಂದ ಬ್ಯಾಗ್ ಎತ್ತಿಕೊಳ್ಳುತ್ತೇವೆ. ಅಂಥವನು “ಬೇಡ, ಆ ಒಂದು ತಿಂಗಳು ಕೆಲಸ ಮಾಡಿಯೇ ಹೋಗ್ತೇನೆ” ಅಂತ ಕೇಳಬೇಕು.

ಈಗ ಆ ರಾಜೀನಾಮೆಗೆ ಬರುತ್ತೇನೆ. ತಾನಾಗಿ ಕೆಲಸ ಬಿಟ್ಟವರಿಗೆ, ಸ್ವಯಂ ನಿವೃತ್ತಿ ಪಡೆದವರಿಗೆ, ಶಿಸ್ತುಕ್ರಮದಲ್ಲಿ ವಜಾ ಆದವರಿಗೆ ಈ ಹಣ ಇಲ್ಲ. ‘ವೈಯಕ್ತಿಕ ಕಾರಣಗಳಿಂದ ರಾಜೀನಾಮೆ ನೀಡುತ್ತಿದ್ದೇನೆ’ ಎಂದು ಬರೆದ ಕ್ಷಣದಲ್ಲಿ ನೀವು ತಾನಾಗಿ ಬಿಟ್ಟವರ ಸಾಲಿಗೆ ಸೇರಿದಿರಿ. ಹೋಗುವುದು ಇದೊಂದೇ ಹಣವೂ ಅಲ್ಲ. 2005ರ ಏಪ್ರಿಲ್ 1ರಿಂದ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ ಅಂತ ಇನ್ನೊಂದು ಇದೆ. ಸಂಸ್ಥೆ ಮುಚ್ಚಿದರೆ ಅಥವಾ ಕಾನೂನು ಪ್ರಕಾರ ರಿಟ್ರೆಂಚ್‌ಮೆಂಟ್ ಆದರೆ, ಅಗತ್ಯ ವರ್ಷಗಳ ವಂತಿಗೆ ಇದ್ದವರಿಗೆ ಮೊದಲ 12 ತಿಂಗಳು ಸಂಬಳದ ಶೇ 50, ಮುಂದಿನ 12 ತಿಂಗಳು ಶೇ 25. ಮೂರು ತಿಂಗಳಲ್ಲ, ಎರಡು ವರ್ಷ! ಇದರ ಹೆಸರು ಕೇಳಿದ ಕಾರ್ಮಿಕರು ನನಗೆ ಸಿಕ್ಕಿದ್ದು ಬಹಳ ಕಡಿಮೆ. ಮೂರನೆಯದು 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯ 25ಎಫ್ ಕಲಂ. ಒಂದು ವರ್ಷ ಸತತ ಕೆಲಸ ಮಾಡಿದ ಕಾರ್ಮಿಕನನ್ನು ತೆಗೆಯುವುದಾದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನದ ಸಂಬಳ ಕೊಡಬೇಕು ಎಂದು ಅದು ಹೇಳುತ್ತಿತ್ತು. ರಾಜೀನಾಮೆ ಕೊಟ್ಟವರಿಗೆ ಅದೂ ಇಲ್ಲ. ಒಂದು ಚೆಂದದ ಪತ್ರಕ್ಕೆ ಇಷ್ಟು ಬೆಲೆ ಮಾರಾಯ್ರೆ.

ಕಾಗದದ ಆಚೆಗೂ ಒಂದು ಜಾಗ ಇದೆ. ತಿಂಗಳ ವಂತಿಗೆ ತುಂಬುವಾಗ ಮಾಲೀಕರು ಇಎಸ್‌ಐ ಪೋರ್ಟಲ್‌ನಲ್ಲಿ, ಸೊನ್ನೆ ದಿನ ಕೆಲಸ ಮಾಡಿದವರ ಹೆಸರಿನ ಮುಂದೆ ಕಾರಣ ಆರಿಸಬೇಕು. ‘ಲೆಫ್ಟ್ ಸರ್ವಿಸ್’ ಬೇರೆ, ‘ರಿಟ್ರೆಂಚ್‌ಮೆಂಟ್’ ಬೇರೆ, ‘ನೋ ವರ್ಕ್’ ಬೇರೆ. ಅಕೌಂಟ್ಸ್ ಹುಡುಗ ಅವಸರದಲ್ಲಿ ಯಾವುದನ್ನು ಒತ್ತುತ್ತಾನೆ ಅನ್ನುವುದು ನಿಮ್ಮ ಕ್ಲೈಮ್‌ಗೆ ಸಂಬಂಧಪಟ್ಟ ವಿಷಯ. ಹೊರಡುವ ದಿನವೇ ಕೇಳಿ.

1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಊರು ನಮ್ಮದು. ಹಂಚಿನ ಕಾರ್ಖಾನೆ ಮುಚ್ಚಿದರೆ ಊರಿಗೇ ಗೊತ್ತಾಗುತ್ತಿತ್ತು, ಚಿಮಣಿಯ ಹೊಗೆ ನಿಲ್ಲುತ್ತಿತ್ತು. ಈಗ ಕೆಲಸ ಹೋಗುವುದು ಎಸಿ ಹಾಕಿದ ಸಣ್ಣ ಕೋಣೆಯಲ್ಲಿ, ಹತ್ತು ನಿಮಿಷದಲ್ಲಿ. ಸಾಕ್ಷಿಗೆ ಯಾರೂ ಇರುವುದಿಲ್ಲ. “ಮನೆಯಲ್ಲಿ ತೋರಿಸಿ ನಾಳೆ ಸಹಿ ಮಾಡ್ತೇನೆ” ಎಂದು ಹೇಳುವ ಹಕ್ಕು ನಿಮಗೆ ಆ ಕೋಣೆಯಲ್ಲೂ ಉಂಟು.

ಹಾಗಾದರೆ ಆ 30 ದಿನ ಹೊಟ್ಟೆಗೇನು? ಹೆಚ್ಚಿನವರು ಹೋಗುವುದು ಹೈಲ್ಯಾಂಡ್ಸ್‌ನ ಪಿಎಫ್ ಕಚೇರಿಗೆ. 2025ರ ಆರಂಭದಲ್ಲಿದ್ದ ನಿಯಮದಂತೆ ಕೆಲಸ ಹೋಗಿ ಒಂದು ತಿಂಗಳಾದರೆ ಶೇ 75, ಎರಡು ತಿಂಗಳಾದರೆ ಉಳಿದದ್ದು ತೆಗೆಯಬಹುದಿತ್ತು. ಆದರೆ ಅದು ಪರಿಹಾರವಲ್ಲ, ನಿಮ್ಮದೇ ಉಳಿತಾಯ. ಐದು ವರ್ಷ ತುಂಬುವ ಮೊದಲು ತೆಗೆದರೆ ತೆರಿಗೆಯ ತಲೆನೋವೂ ಇದೆ. ಪಿಂಚಣಿಯ ಭಾಗವನ್ನಂತೂ ಮುಟ್ಟಬೇಡಿ. ಹತ್ತು ವರ್ಷ ಸೇವೆ ಆದರೆ ಪಿಂಚಣಿ ಬರುತ್ತದೆ. ತೆಗೆದರೆ ಅಲ್ಲಿವರೆಗಿನ ವರ್ಷಗಳು ಅಳಿಸಿಹೋಗುತ್ತವೆ.

ಇಎಸ್‌ಐ ಕಾರ್ಡನ್ನು ಎಸೆಯುವವರೂ ಇದ್ದಾರೆ. ತಪ್ಪು. ಅಕ್ಟೋಬರ್‌ನಿಂದ ಜನವರಿ ಕೊನೆಯವರೆಗೆ 78 ದಿನದ ವಂತಿಗೆ ಬಿದ್ದಿದ್ದರೆ ಅದರ ಚಿಕಿತ್ಸೆಯ ಸೌಲಭ್ಯ ಬರುವುದು ಜುಲೈನಿಂದ ಡಿಸೆಂಬರ್‌ವರೆಗೆ. ಅದಕ್ಕಿಂತ ಹಿಂದಿನ ಅವಧಿಯ ವಂತಿಗೆ ಜನವರಿಯಿಂದ ಜೂನ್‌ವರೆಗೆ ಕಾಯುತ್ತದೆ. ಜನವರಿಯಲ್ಲಿ ಕೆಲಸ ಹೋದವರೂ ವರ್ಷದ ಕೊನೆಯವರೆಗೆ ಕದ್ರಿ ಶಿವಬಾಗ್‌ನ ಇಎಸ್‌ಐ ಆಸ್ಪತ್ರೆಗೆ ಹೋಗಬಹುದು.

21,000ಕ್ಕಿಂತ ಹೆಚ್ಚು ಸಂಬಳದ ಐಟಿ ಹುಡುಗರು, ಬೈಕಿನಲ್ಲಿ ಊಟ ತಲುಪಿಸುವವರು, ಗಲ್ಫ್‌ನಿಂದ ಕೆಲಸ ಕಳೆದುಕೊಂಡು ಬಂದವರು, ಇವರಿಗೆ ಈ ಲೆಕ್ಕದಲ್ಲಿ ಒಂದು ರೂಪಾಯಿಯೂ ಇಲ್ಲ. ಅದು ಬೇರೆಯೇ ಚರ್ಚೆ, ಇನ್ನೊಂದು ದಿನ ಮಾಡೋಣ.

ಆ ಅಕ್ಕನಿಗೆ ನಾನು ಕೇಳಿದೆ: “ನಿಮ್ಮನ್ನು ತೆಗೆಯುವ ಬಗ್ಗೆ ಅವರು ಬರೆದದ್ದು ಏನಾದ್ರೂ ಉಂಟಾ?” ಸ್ವಲ್ಪ ಹೊತ್ತು ಹುಡುಕಿದರು. ವಾಟ್ಸ್ಆ್ಯಪ್‌ನಲ್ಲಿ ಒಂದು ಮೆಸೇಜ್ ಇತ್ತು, ಸ್ಟಾಫ್ ಕಡಿಮೆ ಮಾಡ್ತಿದ್ದೇವೆ, ಒಂದನೇ ತಾರೀಕಿನಿಂದ ಬರುವುದು ಬೇಡ ಅಂತ. ರಾಜೀನಾಮೆ ಬರೆದದ್ದು ಅದಾದ ಮೂರು ದಿನಕ್ಕೆ. ಆ ಮೆಸೇಜ್ ಅಳಿಸಬೇಡಿ, ಪ್ರಿಂಟ್ ತೆಗೆದು ಇಎಸ್‌ಐ ಶಾಖಾ ಕಚೇರಿಗೂ ಕಾರ್ಮಿಕ ಇಲಾಖೆಗೂ ಹೋಗಿ ಅಂದೆ. ತೆಗೆದುಹಾಕಿದ ವಿವಾದವನ್ನು ಯೂನಿಯನ್ ಇಲ್ಲದ ಒಬ್ಬ ಕಾರ್ಮಿಕಳೂ ಸಂಧಾನಾಧಿಕಾರಿ ಮುಂದೆ ಒಯ್ಯಬಹುದಿತ್ತು, ಆಗ ಜಾರಿಯಲ್ಲಿದ್ದ ಅದೇ ಕಾಯ್ದೆಯ 2ಎ ಕಲಂ ಇದ್ದದ್ದೇ ಅದಕ್ಕೆ. ಇದರಿಂದ ಹಣ ಬಂದೇ ಬರುತ್ತದೆ ಅಂತ ಹೇಳಲಿಲ್ಲ, ಹೇಳುವ ಹಾಗೂ ಇರಲಿಲ್ಲ. “ಆಯ್ತು ಸರ್, ಹದಿನೆಂಟು ದಿನ ಇದೆಯಲ್ಲ, ಅಷ್ಟರಲ್ಲಿ ಹೋಗಿ ಬರ್ತೇನೆ” ಅಂತ ಫೋನ್ ಇಟ್ಟರು.