ಸಬ್‌ವೂಫರ್: ವ್ಯಾಟ್ ಎಷ್ಟು ಎನ್ನುವ ಮೊದಲು ಕೋಣೆ ಎಷ್ಟು?

ಧ್ವನಿ ಉಪಕರಣಗಳ ಬಗ್ಗೆ ಮಾತುಕತೆ ನಡೆದಾಗಲೆಲ್ಲ ವೀಕ್ಷಕರಿಂದ ತಪ್ಪದೆ ಬರುವ ಪ್ರಶ್ನೆ ಒಂದಿದೆ: "ನಮ್ಮ ಮನೆಯಲ್ಲಿ ಈಗಾಗಲೇ ದೊಡ್ಡ, ಶಕ್ತಿಶಾಲಿ ಸ್ಪೀಕರ್‌ಗಳಿವೆ. ಅವಕ್ಕೆ ಸಬ್‌ವೂಫರ್ ಬೇಕೇ? ಬೇಕಾದರೆ ಎಷ್ಟು ವ್ಯಾಟಿನದು?"

ಪ್ರಶ್ನೆ ಸಹಜವೇ. ಒಳ್ಳೆಯ ಸಬ್‌ವೂಫರಿಗೆ ಒಂದು ತಿಂಗಳ ಸಂಬಳವೇ ಹೋಗಬಹುದು. ಅಷ್ಟು ಕೊಟ್ಟು ತಂದ ಪೆಟ್ಟಿಗೆಯನ್ನು ಖಾಲಿ ಇದ್ದ ಮೂಲೆಯಲ್ಲಿಟ್ಟು, ಎಲ್ಲ ಹಾಡಿಗೂ ಒಂದೇ ಬಗೆಯ 'ಗುಂಯ್' ಸದ್ದು ಕೇಳಿ ಬೇಸತ್ತು, ಕೊನೆಗೆ ಅದರ ಮೇಲೆ ಹೂದಾನಿ ಇಟ್ಟಿರುವ ಮನೆಗಳು ಬೇಕಾದಷ್ಟಿವೆ. ಅನೇಕ ವೇಳೆ ದೋಷ ಪೆಟ್ಟಿಗೆಯದಲ್ಲ. ಮಂದ್ರ ಧ್ವನಿಯ ವಿಷಯದಲ್ಲಿ ವ್ಯಾಟಿಗಿಂತ ಕೋಣೆಯ ಅಳತೆ ಮತ್ತು ಪೆಟ್ಟಿಗೆ ಇಟ್ಟ ಜಾಗ ಹೆಚ್ಚು ಮುಖ್ಯ. ಏಕೆಂದು ನೋಡೋಣ.

ಮಂದ್ರ ಎಂದರೆ ಎಷ್ಟು?

ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳವರೆಗಿನ ಧ್ವನಿ ಕೇಳುತ್ತದೆ. ಸೆಕೆಂಡಿಗೆ ಒಂದು ಕಂಪನವೆಂದರೆ ಒಂದು ಹರ್ಟ್ಸ್. ಹಾರ್ಮೋನಿಯಮ್ಮಿನ ಬಿಳಿ ಒಂದರ ಶ್ರುತಿಯಲ್ಲಿ ಹಾಡುವ ಗಾಯಕರ ಆಧಾರ ಷಡ್ಜ ಸುಮಾರು 130 ಹರ್ಟ್ಸ್. ಅವರ ತಂಬೂರಿಯ ಮಂದ್ರ ಷಡ್ಜದ ತಂತಿ ಅದರ ಅರ್ಧ, 65. ಬಾಸ್ ಗಿಟಾರಿನ ಅತಿ ಕೆಳಗಿನ ತಂತಿ 41, ಪಿಯಾನೋದ ಕಟ್ಟಕಡೆಯ ಮನೆ 27.5 ಹರ್ಟ್ಸ್.

ಸಿನಿಮಾ ಇನ್ನೂ ಕೆಳಕ್ಕೆ ಇಳಿಯುತ್ತದೆ. 1974ರಲ್ಲಿ 'ಅರ್ಥ್‌ಕ್ವೇಕ್' ಚಿತ್ರಕ್ಕಾಗಿ ಸೆನ್ಸರೌಂಡ್ ಎಂಬ ವ್ಯವಸ್ಥೆ ರೂಪಿಸಿ, ಚಿತ್ರಮಂದಿರಗಳಲ್ಲಿ ಭಾರೀ ಸ್ಪೀಕರ್‌ಗಳನ್ನು ಜೋಡಿಸಿ ಪ್ರೇಕ್ಷಕರಿಗೆ ಭೂಕಂಪದ ನಡುಕದ ಅನುಭವ ಕೊಟ್ಟರು. ಇಂದು 5.1 ಎನ್ನುವಾಗಿನ 'ಪಾಯಿಂಟ್ ಒಂದು' ಇಂಥ ಪರಿಣಾಮಗಳಿಗೆಂದೇ ಮೀಸಲಾದ, 120 ಹರ್ಟ್ಸ್‌ವರೆಗಿನ ಪ್ರತ್ಯೇಕ ಚಾನೆಲ್.

ದೊಡ್ಡ ಸ್ಪೀಕರ್ ಇದ್ದರೂ ಏಕೆ ಬೇಕು?

ಕೆಳಕ್ಕೆ ಇಳಿದಷ್ಟೂ ಹೆಚ್ಚು ಗಾಳಿಯನ್ನು ತಳ್ಳಬೇಕು. 40 ಹರ್ಟ್ಸ್‌ನಲ್ಲಿ ಬರುವಷ್ಟೇ ಧ್ವನಿ ಒತ್ತಡ 20 ಹರ್ಟ್ಸ್‌ನಲ್ಲೂ ಬರಬೇಕಾದರೆ ನಾಲ್ಕು ಪಟ್ಟು ಗಾಳಿ ಕದಲಬೇಕು. ಹಾಡಿನ ಮಾತು, ಪಿಟೀಲು, ಘಟ ಎಲ್ಲವನ್ನೂ ನುಡಿಸುವ ಸ್ಪೀಕರಿನ ಮೇಲೆ ಈ ಹೊರೆಯನ್ನೂ ಹೊರಿಸಿದರೆ ಆಂಪ್ಲಿಫೈಯರ್ ದಣಿಯುತ್ತದೆ, ಮಧ್ಯ ಸ್ಥಾಯಿ ಕಲಸುತ್ತದೆ. ಹೊರೆ ಇಳಿಸಿದರೆ ಹಳೆಯ ಸ್ಪೀಕರೇ ಹೆಚ್ಚು ಸ್ಪಷ್ಟವಾಗಿ ನುಡಿಯುತ್ತದೆ.

ಇನ್ನೊಂದು ಕಾರಣವೂ ಇದೆ. ಎಡಬಲದ ಸ್ಪೀಕರ್‌ಗಳನ್ನು ಗಾಯಕರು ಎದುರಿಗೇ ಕುಳಿತಂತೆ ಕೇಳಿಸುವ ಜಾಗದಲ್ಲಿ ಇಡಬೇಕು. ಮಂದ್ರ ಧ್ವನಿ ಸಮನಾಗಿ ಹರಡುವ ಜಾಗ ಬೇರೆಯೇ ಇರಬಹುದು. ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ಧ್ವನಿ ಯಾವ ದಿಕ್ಕಿನಿಂದ ಬಂತೆಂದು ಕೋಣೆಯೊಳಗೆ ನಮ್ಮ ಕಿವಿ ಗುರುತಿಸಲಾರದು. ಆದುದರಿಂದ ಆ ಕೆಲಸವನ್ನು ಬೇರೆ ಪೆಟ್ಟಿಗೆಗೆ ವಹಿಸಿ, ಅದನ್ನು ಬೇಕಾದಲ್ಲಿ ಇಡುವ ಸ್ವಾತಂತ್ರ್ಯ ನಮಗಿದೆ.

ಜೋಡಿ ಹೊಂದಿಸುವುದು ಹೇಗೆ?

ಪೆಟ್ಟಿಗೆಯ ಮೇಲೆ ಸಾವಿರಾರು ವ್ಯಾಟ್ 'ಪಿಎಂಪಿಒ' ಎಂದು ಅಚ್ಚಾಗಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆ ಅಳತೆಗೆ ಯಾವ ಮಾನದಂಡವೂ ಇಲ್ಲ. ಆರ್‌ಎಂಎಸ್ ವ್ಯಾಟ್ ಎಷ್ಟು ಎಂದು ಕೇಳಿ. ಅದಕ್ಕಿಂತ ಮುಖ್ಯವಾಗಿ ನಿಮ್ಮ ಸ್ಪೀಕರಿನ ಸಂವೇದನಾಂಕ ನೋಡಿ. ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಎಂಬ ಈ ಅಂಕಿ ಸ್ಪೀಕರಿನ ವಿವರಪತ್ರದಲ್ಲಿರುತ್ತದೆ. 3 ಡೆಸಿಬೆಲ್ ಹೆಚ್ಚಿಸಲು ಎರಡು ಪಟ್ಟು ವ್ಯಾಟ್ ಬೇಕು. ಅಂದರೆ 96 ಡೆಸಿಬೆಲ್‌ನ ಸ್ಪೀಕರ್ 50 ವ್ಯಾಟಿನಲ್ಲಿ ಮಾಡುವ ಸದ್ದನ್ನು 87 ಡೆಸಿಬೆಲ್‌ನದು ಮಾಡಬೇಕಾದರೆ 400 ವ್ಯಾಟ್ ಬೇಕು. ಮೊದಲನೆಯ ಬಗೆಯ ಸ್ಪೀಕರ್ ನಿಮ್ಮಲ್ಲಿದ್ದರೆ ಚಿಕ್ಕ ಸಬ್‌ವೂಫರ್ ಅದರ ಜೊತೆ ಓಡಲಾರದೆ ಏದುಸಿರು ಬಿಡುತ್ತದೆ.

ಗಾಳಿ ತಳ್ಳುವ ಶಕ್ತಿ ಕೋನ್‌ನ ಅಗಲವನ್ನೂ ಅದು ಹಿಂದೆ ಮುಂದೆ ಚಲಿಸುವ ದೂರವನ್ನೂ ಅವಲಂಬಿಸಿದೆ. 12 ಅಂಗುಲದ ಕೋನ್‌ನ ವಿಸ್ತೀರ್ಣ 8 ಅಂಗುಲದ್ದಕ್ಕಿಂತ ಸುಮಾರು ಎರಡೂಕಾಲು ಪಟ್ಟು. ಪೆಟ್ಟಿಗೆಗಳಲ್ಲಿ ಪೂರ್ಣ ಮುಚ್ಚಿದವು, ಗಾಳಿಕೊಳವೆ ಇರುವವು ಎಂದು ಎರಡು ಬಗೆ. ಕೊಳವೆಯ ಪೆಟ್ಟಿಗೆ ಅದೇ ವ್ಯಾಟಿನಲ್ಲಿ ಹೆಚ್ಚು ಸದ್ದು ಕೊಡುತ್ತದೆ. ಆದರೆ ತನ್ನ ಮಿತಿಯ ಕೆಳಗೆ ಸ್ಥಾಯಿಗೆ 24 ಡೆಸಿಬೆಲ್‌ನಂತೆ ಕುಸಿಯುತ್ತದೆ. ಮುಚ್ಚಿದ ಪೆಟ್ಟಿಗೆಯದು 12 ಡೆಸಿಬೆಲ್‌ನಂತೆ ನಿಧಾನವಾದ ಇಳಿಜಾರು. ಚಿಕ್ಕ ಕೋಣೆಗೆ ಇದು ಚೆನ್ನಾಗಿ ಒಗ್ಗುತ್ತದೆ.

ಕೋಣೆಯ ಕೈವಾಡ

ಧ್ವನಿ ಸೆಕೆಂಡಿಗೆ ಸುಮಾರು 345 ಮೀಟರ್ ಸಾಗುತ್ತದೆ. 40 ಹರ್ಟ್ಸ್‌ನ ಒಂದು ಅಲೆಯ ಉದ್ದ ಎಂಟೂವರೆ ಮೀಟರಿಗೂ ಹೆಚ್ಚು. ಅಂದರೆ ಅಲೆಯೇ ಕೋಣೆಗಿಂತ ದೊಡ್ಡದು. ಕೋಣೆಯ ಉದ್ದ ಅಲೆಯ ಅರ್ಧಕ್ಕೆ ಸರಿಯಾಗಿ ಕೂಡಿದಾಗ, ಗೋಡೆಗೆ ಬಡಿದು ಮರಳಿದ ಅಲೆ ಹೊಸ ಅಲೆಯೊಡನೆ ಸೇರಿ ಸ್ಥಿರ ತರಂಗವಾಗುತ್ತದೆ. 16 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಹಾಲ್‌ನಲ್ಲಿ ಇದು ಸುಮಾರು 35, 47 ಮತ್ತು 57 ಹರ್ಟ್ಸ್‌ನಲ್ಲಿ ಮೊದಲು ಕಾಣುತ್ತದೆ. ಆ ಸ್ವರ ಬಂದಾಗ ಗೋಡೆಯ ಬಳಿ ಸದ್ದು ಉಬ್ಬುತ್ತದೆ, ನಟ್ಟನಡುವೆ ಹೆಚ್ಚುಕಡಿಮೆ ಮಾಯವಾಗುತ್ತದೆ. ಒಂದೇ ಹಾಡಿನಲ್ಲಿ ಒಂದು ಸ್ವರ ಗುಡುಗಿ ಇನ್ನೊಂದು ಕೇಳದೇ ಹೋಗುವುದು ಇದರಿಂದಲೇ.

ಉದ್ದಗಲಗಳು ಸಮನಾದ ಚೌಕ ಕೋಣೆಯಲ್ಲಿ ಎರಡು ಉಬ್ಬುಗಳು ಒಂದರ ಮೇಲೊಂದು ಕೂರುವುದರಿಂದ ತೊಂದರೆ ಹೆಚ್ಚು. ಕಾಂಕ್ರೀಟಿನ ಹೊಸ ಮನೆಗಳು ಮಂದ್ರ ಧ್ವನಿಯನ್ನು ಒಳಗೇ ಹಿಡಿದಿಡುತ್ತವೆ. ಹೆಂಚಿನ ಮಾಡು, ಮರದ ಅಡ್ಡಗೋಡೆಯ ಹಳೆಯ ಮನೆಗಳಲ್ಲಿ ಅದು ಸೋರಿಹೋಗುತ್ತದೆ. ಪರದೆ, ಜಮಖಾನಗಳಿಂದ ಮೇಲಿನ ಸ್ಥಾಯಿ ಹದವಾದೀತೇ ಹೊರತು ಇಲ್ಲಿ ಅವುಗಳ ಆಟ ನಡೆಯದು.

ಜಾಗ ಹುಡುಕುವ ಸುಲಭ ಉಪಾಯ

ಮೂಲೆಯಲ್ಲಿಟ್ಟರೆ ಸದ್ದು ಅತಿ ಹೆಚ್ಚು. ಆದರೆ ಕೋಣೆಯ ಎಲ್ಲ ಉಬ್ಬುಗಳೂ ಅಲ್ಲಿಂದಲೇ ಕೆರಳುತ್ತವೆ. ಹಾಗಾದರೆ ಎಲ್ಲಿಡಬೇಕು? ಭೌತಶಾಸ್ತ್ರದ ಪರಸ್ಪರತೆಯ ನಿಯಮ ಇಲ್ಲಿ ನೆರವಿಗೆ ಬರುತ್ತದೆ. ಧ್ವನಿಯ ಮೂಲವನ್ನೂ ಕೇಳುಗನನ್ನೂ ಅದಲು ಬದಲು ಮಾಡಿದರೆ ಫಲಿತಾಂಶ ಬದಲಾಗದು.

ಸಬ್‌ವೂಫರನ್ನು ನೀವು ಕೂರುವ ಕುರ್ಚಿಯ ಮೇಲೆ, ಇಲ್ಲವೇ ಅದೇ ಜಾಗದಲ್ಲಿಡಿ. ಏರಿಳಿತವುಳ್ಳ ಬಾಸ್ ಗಿಟಾರ್ ಇರುವ ಹಾಡೊಂದನ್ನು ಹಾಕಿ. ಬಳಿಕ ಗೋಡೆಯಂಚಿನಲ್ಲಿ ಕಿವಿಯನ್ನು ನೆಲಕ್ಕೆ ತಂದು, ಮಕ್ಕಳಂತೆ ಅಂಬೆಗಾಲಿಟ್ಟು ಸುತ್ತಿ ಬನ್ನಿ. ಮನೆಯವರು ನಕ್ಕರೆ ನಗಲಿ. ಸದ್ದು ಅತಿ ಜೋರಾಗಿರುವ ಜಾಗವಲ್ಲ, ಎಲ್ಲ ಸ್ವರಗಳೂ ಸಮನಾಗಿ, ಬಿಡಿಬಿಡಿಯಾಗಿ ಕೇಳುವ ಜಾಗವೇ ನಿಮಗೆ ಬೇಕಾದದ್ದು. ಸಬ್‌ವೂಫರನ್ನು ಅಲ್ಲಿಟ್ಟು ನೀವು ಕುರ್ಚಿಗೆ ಮರಳಿ. ಕುರ್ಚಿಯೂ ಹಿಂದಿನ ಗೋಡೆಗೆ ಅಂಟಿರಬಾರದು, ಕೋಣೆಯ ನಟ್ಟನಡುವೆಯೂ ಇರಬಾರದು. ಹಿಂದಿನ ಗೋಡೆಯಿಂದ ಉದ್ದದ ಮೂರರಲ್ಲೊಂದು ಭಾಗ ಮುಂದಿದ್ದರೆ ಒಳ್ಳೆಯದು.

ಹಲವರು ಕೂತು ಕೇಳುವ ಹಾಲ್ ಆದರೆ ಒಂದು ದೊಡ್ಡ ಪೆಟ್ಟಿಗೆಗಿಂತ ಎರಡು ಮಧ್ಯಮ ಗಾತ್ರದವು ಮೇಲು. ಹಾರ್ಮನ್ ಸಂಸ್ಥೆಯ ಟಾಡ್ ವೆಲ್ಟಿ 2002ರಲ್ಲಿ ಮಂಡಿಸಿದ ಅಧ್ಯಯನದ ಪ್ರಕಾರ, ಎದುರುಬದುರು ಗೋಡೆಗಳ ಮಧ್ಯದಲ್ಲಿ ಒಂದೊಂದು ಇಟ್ಟರೆ ಆಸನದಿಂದ ಆಸನಕ್ಕೆ ಆಗುವ ವ್ಯತ್ಯಾಸ ಸಾಕಷ್ಟು ತಗ್ಗುತ್ತದೆ.

ಗಡಿ ಮತ್ತು ಮಟ್ಟ

ಸ್ಪೀಕರ್ ಎಲ್ಲಿ ನಿಲ್ಲಿಸಿ ಸಬ್‌ವೂಫರ್ ಎಲ್ಲಿ ಆರಂಭಿಸಬೇಕು ಎಂಬ ಗಡಿಯೇ ಕ್ರಾಸ್‌ಓವರ್. ಮನೆ ಸಿನಿಮಾದ ಟಿಎಚ್‌ಎಕ್ಸ್ ಮಾನದಂಡ 80 ಹರ್ಟ್ಸ್ ಎನ್ನುತ್ತದೆ, ಅಲ್ಲಿಂದ ಆರಂಭಿಸಬಹುದು. ರಿಸೀವರ್ ಇದ್ದರೆ ದೊಡ್ಡ ಸ್ಪೀಕರ್‌ಗಳನ್ನೂ 'ಸ್ಮಾಲ್' ಎಂದೇ ಸೂಚಿಸಿ. ಹೊರೆ ಇಳಿಯುವುದು ಆಗಲೇ. ಫೇಸ್ ಸ್ವಿಚ್ಚನ್ನು 0 ಮತ್ತು 180ರಲ್ಲಿಟ್ಟು ಕೇಳಿ, ಕುರ್ಚಿಯಲ್ಲಿ ಬಾಸ್ ತುಂಬಿಕೊಂಡು ಕೇಳುವ ಕಡೆ ಬಿಡಿ.

ಮಟ್ಟ ಸರಿಯಾಗಿದೆಯೇ ಎಂದು ತಿಳಿಯಲು ವಾರ್ತೆ ಹಾಕಿ. ಪುರುಷರ ಮಾತಿನ ಮೂಲ ಸ್ವರ ಸಾಮಾನ್ಯವಾಗಿ 100 ಹರ್ಟ್ಸ್‌ನ ಆಸುಪಾಸು. ವಾರ್ತೆ ಓದುವವರ ದನಿ ಹಂಡೆಯೊಳಗಿಂದ ಬಂದಂತಿದ್ದರೆ ಗಡಿಯನ್ನೋ ಮಟ್ಟವನ್ನೋ ಇಳಿಸಬೇಕು. ಹಂಡೆಯ ಗುಣ ಹೋಗಿ, ತಂಬೂರಿ ತುಂಬಿದ್ದರೆ ಹದ ಸರಿಯಾಗಿದೆ ಎಂದು ತಿಳಿಯಿರಿ.

ಪಕ್ಕದ ಮನೆಯವರು

ಆವೃತ್ತಿ ಇಳಿದಷ್ಟೂ ಗೋಡೆ ತಡೆಯುವ ಶಕ್ತಿ ಕುಗ್ಗುತ್ತದೆ. ಹಾಡು ನಿಮಗೆ, ಬರಿಯ 'ಢುಂ ಢುಂ' ಪಕ್ಕದವರಿಗೆ. 2000ದ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ ಹಾಕಿವೆ. ಆದರೆ ಇವನ್ನು ಅಳೆಯುವ 'ಎ' ಮಾಪನ 50 ಹರ್ಟ್ಸ್‌ನ ಧ್ವನಿಯನ್ನು 30 ಡೆಸಿಬೆಲ್ ಕಡಿಮೆ ಮಾಡಿ ತೋರಿಸುತ್ತದೆ. ಮೀಟರ್ ಸುಮ್ಮನಿದ್ದರೂ ಪಕ್ಕದ ಮನೆಯ ಹಸುಗೂಸು, ಪರೀಕ್ಷೆಗೆ ಓದುವ ಹುಡುಗಿ ಸುಮ್ಮನಿರಲಾರರು. ಪೆಟ್ಟಿಗೆಯಡಿ ರಬ್ಬರ್ ಹಾಸಿದರೆ ನೆಲಕ್ಕಿಳಿಯುವ ಅದುರು ತಗ್ಗೀತು. ಗಾಳಿಯಲ್ಲಿ ಹೋಗುವ ಸದ್ದು ತಗ್ಗದು. ರಾತ್ರಿ ಹತ್ತರ ನಂತರ ಸಬ್‌ವೂಫರ್ ಆರಿಸಿಬಿಡುವುದೇ ಲೇಸು.

ಕೊಳ್ಳಲು ಹೊರಡುವ ಮುನ್ನ ಕೋಣೆಯ ಅಳತೆ, ಸ್ಪೀಕರಿನ ಸಂವೇದನಾಂಕ, ಅದು ಎಷ್ಟು ಹರ್ಟ್ಸ್‌ವರೆಗೆ ಇಳಿಯುತ್ತದೆ ಎಂಬ ಮೂರು ಸಂಗತಿ ಚೀಟಿಯಲ್ಲಿ ಬರೆದುಕೊಳ್ಳಿ. ಅಂಗಡಿಯ ಕೋಣೆಯಲ್ಲಿ ಕೇಳಿದ್ದು ನಿಮ್ಮ ಮನೆಯಲ್ಲಿ ಕೇಳದು. ಎರಡು ದಿನ ಮನೆಯಲ್ಲಿಟ್ಟು ನೋಡಲು ಕೊಡುವ ಅಂಗಡಿ ಸಿಕ್ಕರೆ ಅಲ್ಲೇ ವ್ಯಾಪಾರ ಮಾಡಿ.