ಎಐಗೆ ಟೂಲ್ ಅರ್ಥವಾಗಿದೆಯಾ? ಬೈಂದೂರಿನ ಆರ್‌ಟಿಸಿ ಕೇಳಿ ನೋಡಿ

ಬೈಂದೂರಿನವರೊಬ್ಬರು ಎಐ ಏಜೆಂಟಿಗೆ ಹೇಳ್ತಾರೆ: "ನಮ್ ಗದ್ದಿ ಆರ್‌ಟಿಸಿ ಬೇಕಿತ್."

ಏಜೆಂಟ್ ಹತ್ರ ದಾಖಲೆ ತರುವ ಎರಡು ಟೂಲ್ ಇವೆ ಅಂತಿಟ್ಟುಕೊಳ್ಳಿ. ಒಂದು ಆರ್‌ಟಿಸಿಗೆ (ಪಹಣಿ), ಇನ್ನೊಂದು ಇಸಿಗೆ (ಋಣಭಾರ ಪ್ರಮಾಣಪತ್ರ). ಎರಡರ ವಿವರಣೆಯೂ ಒಂದೇ: "ಜಮೀನಿನ ದಾಖಲೆ ಕೊಡುತ್ತದೆ." ಯಾವುದನ್ನು ಆರಿಸಬೇಕು? ಸಾಮಾನ್ಯವಾಗಿ ಒಳಗಿನ ಕೋಡ್ ಏಜೆಂಟಿಗೆ ಕಾಣೋದಿಲ್ಲ. ಟೂಲಿನ ಹೆಸರು, ವಿವರಣೆ, ತುಂಬಬೇಕಾದ ಮಾಹಿತಿ, ಇಷ್ಟೇ ಕಾಣೋದು.

ಟೂಲಿಗೆ ತುಂಬಬೇಕಾದ ತಾಲೂಕಿನ ವಿಷಯ ಇನ್ನೂ ಸೂಕ್ಷ್ಮ. 2018ರಲ್ಲಿ ಬೈಂದೂರು ಕುಂದಾಪುರದಿಂದ, ಬ್ರಹ್ಮಾವರ ಉಡುಪಿಯಿಂದ ಬೇರೆಯಾಗಿ ಹೊಸ ತಾಲೂಕಾದವು. ಮನೆಯಲ್ಲಿರುವ ಹಳೇ ಕಾಗದದಲ್ಲಿ ಹಳೇ ತಾಲೂಕೇ ಇರುತ್ತೆ. "ಈಗಿನ ತಾಲೂಕು ಕೊಡಿ, ಅನುಮಾನವಿದ್ದರೆ ಊರಿನ ಹೆಸರು ಕೇಳಿ" ಅಂತ ವಿವರಣೆಯಲ್ಲಿ ಬರೆದಿರಲೇಬೇಕು.

ಬರೆದದ್ದು ಸಾಕಾಯ್ತಾ? ಪರೀಕ್ಷೆ ಮಾಡಿ. ಜನ ಕೇಳುವ ಹಾಗೇ, ಈ ಭಾಗದ ಕುಂದಗನ್ನಡದಲ್ಲೂ, ಪ್ರಶ್ನೆ ಬರೆದಿಡಿ. ಸರಿಯಾದ ಟೂಲ್, ಸರಿಯಾದ ತಾಲೂಕು ಮೊದಲೇ ಗುರುತು ಮಾಡಿ. ಯಾವ ಟೂಲೂ ಬೇಡದ ಪ್ರಶ್ನೆಯೂ ಇರಲಿ: "ಆರ್‌ಟಿಸಿ ಅಂದ್ರೆ ಎಂತ?" ಆಮೇಲೆ ವಿವರಣೆ ಮಾತ್ರ ಬದಲಿಸಿ, ಅದೇ ಪ್ರಶ್ನೆಗಳನ್ನು ಹಲವು ಸಲ ಓಡಿಸಿ, ಯಾಕಂದ್ರೆ ಎಐ ಪ್ರತಿ ಸಲ ಒಂದೇ ದಾರಿ ಹಿಡಿಯೋದಿಲ್ಲ. ಒಂದಷ್ಟು ಪ್ರಶ್ನೆ ಬೇರೆ ತೆಗೆದಿಡಿ, ತಿದ್ದುವಾಗ ಅವನ್ನು ಮುಟ್ಟಬೇಡಿ. ಕೊನೆಯ ಪರೀಕ್ಷೆ ಅವುಗಳಿಂದಲೇ ಆಗಲಿ.