ಮಾದರಿ ಉಗಿಪಂಪಿನ ಒಳಮೈ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳ ಜನರಿಗೆ ಪಂಪಿನ ವಾಷರೆಂದರೇನೆಂಬುದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಬೇಸಿಗೆಯ ನಡುವೆ ಊರ ಬೋರಿಂಗು ಹತ್ತು ಸಲ ಒತ್ತಿದರೂ ನೀರು ಬಿಡದಾದಾಗ, ‘ವಾಷರು ಹೋಗಿದೆ’ ಎಂಬ ಮಾತು ಕೊಡ ಹಿಡಿದು ನಿಂತ ಹೆಣ್ಣುಮಕ್ಕಳ ಬಾಯಿಂದಲೇ ಮೊದಲು ಬರುತ್ತದೆ. ಅಂಗೈಯಲ್ಲಿ ಅಡಗುವ ಆ ಬಟ್ಟಲಿನಂಥ ತುಂಡನ್ನು ಒಂದು ಓಣಿಯ ನೀರೆಲ್ಲ ನಂಬಿಕೊಂಡಿರುತ್ತದೆ. ಶಾಲೆಯ ವಿಜ್ಞಾನಪ್ರದರ್ಶನಕ್ಕೆಂದು ಉಗಿಯಿಂದ ನಡೆಯುವ ಚಿಕ್ಕ ಪಂಪನ್ನು ಮಾಡಹೊರಟ ಹುಡುಗರಿಗೂ, ಅವರ ಬೆನ್ನಿಗೆ ನಿಂತ ಹಿರಿಯರಿಗೂ ಆ ಬೋರಿಂಗೇ ಮೊದಲನೆಯ ಪಾಠವಾಗತಕ್ಕದ್ದು. ಆದರೆ ಪಾಠವನ್ನು ಅರ್ಧಕ್ಕೆ ನಿಲ್ಲಿಸಿದರೆ ಪಂಪು ಕೆಡುವದು ನಿಶ್ಚಯ.

ಇಂಡಿಯ ನೆರೆಯ ಸೊಲ್ಲಾಪುರದಲ್ಲಿ ರೂಪುಗೊಂಡ ಪಂಪನ್ನು ಆಧಾರವಾಗಿಟ್ಟುಕೊಂಡು, ಯುನಿಸೆಫ್ ಸಂಸ್ಥೆಯ ನೆರವಿನಿಂದ, ೧೯೭೦ರ ದಶಕದಲ್ಲಿ ‘ಇಂಡಿಯಾ ಮಾರ್ಕ್ ೨’ ಎಂಬ ಕೈಪಂಪು ಸಿದ್ಧವಾಯಿತು. ನೆಲದೊಳಗೆ ಇಳಿಬಿಟ್ಟ ಅದರ ಸಿಲಿಂಡರು ಎರಕದ ಕಬ್ಬಿಣದ್ದು. ಒಳಗೆ ಮಾತ್ರ ೬೩.೫ ಮಿಲಿಮೀಟರು ವ್ಯಾಸದ ಹಿತ್ತಾಳೆಯ ಕೊಳವೆಯನ್ನು ಕೂಡಿಸಿರುತ್ತಾರೆ. ಇದೇ ಲೈನರು. ಬರಿಯ ಕಬ್ಬಿಣವು ತುಕ್ಕು ಹಿಡಿದು ಅರದಂತೆ ಒರಟಾಗುವದು. ಅದಕ್ಕೆ ಉಜ್ಜಿದ ವಾಷರು ಎಷ್ಟು ದಿನ ಬಾಳೀತು? ಪಿಸ್ಟನ್ನಿಗೆ ಮೊದಲು ಹಾಕುತ್ತಿದ್ದುದು ಚರ್ಮದ ಬಟ್ಟಲು. ಮೇಲಿನ ನೀರಿನ ಭಾರವೇ ಅದರ ಅಂಚನ್ನು ಗೋಡೆಗೆ ಒತ್ತಿ ಸೋರಿಕೆಯನ್ನು ತಡೆಯುತ್ತದೆ. ನೀರು ೨೪ ಮೀಟರು ಮೇಲೇರಬೇಕಾದಲ್ಲಿ ಈ ಭಾರವು ಸುಮಾರು ೭೬ ಕಿಲೋಗ್ರಾಂ. ಒಬ್ಬ ದೊಡ್ಡ ಮನುಷ್ಯನನ್ನು ಎತ್ತಿ ಹಿಡಿದಂತೆ. ೧೯೮೦ರ ದಶಕದಲ್ಲಿ ಕೊಯಮತ್ತೂರಿನಲ್ಲಿ ನಡೆದ ಪರೀಕ್ಷೆಗಳಲ್ಲಿ ನೈಟ್ರೈಲ್ ರಬ್ಬರಿನ ಬಟ್ಟಲು ಚರ್ಮಕ್ಕಿಂತ ಹೆಚ್ಚು ಬಾಳಿಕೆ ಬಂದಿತು.

ಮಾದರಿ ಉಗಿಪಂಪಿಗೆ ಎರಡು ಸಿಲಿಂಡರುಗಳು. ಒಂದೇ ದಂಡದ ಈ ತುದಿಗೆ ಉಗಿಯ ಪಿಸ್ಟನ್ನು, ಆ ತುದಿಗೆ ನೀರಿನ ಪಿಸ್ಟನ್ನು. ನೀರಿನ ಕಡೆಗೆ ಬೋರಿಂಗಿನ ಪಾಠ ಪೂರ್ಣವಾಗಿ ಸಲ್ಲುತ್ತದೆ: ಹಿತ್ತಾಳೆಯ ಕೊಳವೆ, ಚರ್ಮದ ಅಥವಾ ನೈಟ್ರೈಲಿನ ಬಟ್ಟಲು. ಉಗಿಯ ಕಡೆಗೆ ಅದೇ ಚರ್ಮವನ್ನು ಹಾಕಿದರೆ ಕೆಲಹೊತ್ತಿನಲ್ಲಿಯೇ ಮುದುಡಿ ಕೊರಡಾಗುತ್ತದೆ. ತೊಗಟೆಯ ರಸದಿಂದ ಹದಮಾಡಿದ ತೊಗಲು ಒದ್ದೆಯಾಗಿದ್ದಾಗ ೧೦೦ ಅಂಶದ ಶಾಖವನ್ನೂ ತಡೆಯಲಾರದು. ಹಾಗಾದರೆ ೧೭೧೨ರಲ್ಲಿ ಇಂಗ್ಲೆಂಡಿನ ನ್ಯೂಕಾಮನ್ ತನ್ನ ಎಂಜಿನ್ನಿನಲ್ಲಿ ಚರ್ಮವನ್ನು ಹೇಗೆ ಬಳಸಿದನೆಂದು ವಾಚಕರು ಕೇಳಬಹುದು. ಆತನು ಪಿಸ್ಟನ್ನಿನ ಮೇಲೆ ತಣ್ಣೀರು ನಿಲ್ಲಿಸಿ ಚರ್ಮವನ್ನು ತಂಪಾಗಿಟ್ಟಿದ್ದನು. ಜೇಮ್ಸ್ ವಾಟ್ ಸಿಲಿಂಡರನ್ನು ಸದಾ ಬಿಸಿಯಾಗಿಡಲು ಎಳಸಿದೊಡನೆ ಆ ಉಪಾಯ ಮುರಿದು, ನಾರು ಮತ್ತು ಕೊಬ್ಬಿನ ಸುತ್ತಿಗೆ ಶರಣು ಹೋಗಬೇಕಾಯಿತು. ವಿಲ್ಕಿನ್‌ಸನ್ ಎಂಬವನು ಫಿರಂಗಿ ಕೊರೆಯುವ ಯಂತ್ರದ ಜಾಣ್ಮೆಯಿಂದ ಸಿಲಿಂಡರುಗಳನ್ನು ನಿಜವಾಗಿ ದುಂಡಗೆ ಕೊರೆದುಕೊಟ್ಟ ಮೇಲೆಯೇ, ೧೭೭೬ರಲ್ಲಿ, ವಾಟನ ಎಂಜಿನ್ನುಗಳು ವ್ಯವಹಾರಕ್ಕೆ ಇಳಿದವು. ಗೋಡೆ ನೆಟ್ಟಗಿಲ್ಲದಿದ್ದರೆ ಸುತ್ತು ಎಷ್ಟು ಉತ್ತಮವಾಗಿದ್ದರೇನು? ‘ಯಂತ್ರ’ ಶಬ್ದವೇ ತಡೆಹಿಡಿಯುವದೆಂಬ ಅರ್ಥದ ‘ಯಮ್’ ಧಾತುವಿನಿಂದ ಬಂದುದು; ಸೋರುವ ಸಿಲಿಂಡರಿಗೆ ಆ ಹೆಸರು ಸಲ್ಲದು.

ಇನ್ನು ಆಯ್ಕೆ. ವಾತಾವರಣಕ್ಕಿಂತ ಎರಡು ವಾಯುಭಾರ ಹೆಚ್ಚಿನ ಒತ್ತಡದಲ್ಲಿ ಉಗಿಯ ಶಾಖ ಸುಮಾರು ೧೩೪ ಅಂಶ. ನೈಟ್ರೈಲು ಎಣ್ಣೆಗೆ ಜಗ್ಗದು, ಈ ಉಗಿಯಲ್ಲಿ ಮಾತ್ರ ಬೇಗ ಗಡುಸಾಗಿ ಬಿರಿಯುವದು. ಇ.ಪಿ.ಡಿ.ಎಮ್. ಎಂಬ ರಬ್ಬರು ಉಗಿಗೆ ಜಗ್ಗದು, ಆದರೆ ಸಿಲಿಂಡರಿಗೆ ಬಿಡುವ ಖನಿಜ ಎಣ್ಣೆಯನ್ನು ಕುಡಿದು ಉಬ್ಬುತ್ತದೆ. ಅಂಗಡಿಯವನು ‘ಉಗಿಗೆ ನಡೆಯುತ್ತದೆ’ ಎಂದಷ್ಟಕ್ಕೇ ಕೊಳ್ಳಬಾರದು. ಎಣ್ಣೆಗೆ ನಡೆಯುವದೋ ಎಂದೂ ಕೇಳಬೇಕು. ಮೊದಲ ಸಲ ಮಾಡುವ ಹುಡುಗನಿಗೆ ನಾವು ಹೇಳುವದು ಗ್ರಾಫೈಟ್ ಸವರಿದ ನೂಲು. ಇಲ್ಲವೇ ನಳ ಕೂಡಿಸುವವರು ಸುತ್ತುವ ಬಿಳಿಯ ಟೆಫ್ಲಾನ್ ಪಟ್ಟಿಯನ್ನೇ ದಾರದಂತೆ ಹೊಸೆದು ಪಿಸ್ಟನ್ನಿನ ಗಾಡಿಯಲ್ಲಿ ಸುತ್ತುವದು. ಕಡಿಮೆ ಬೆಲೆ, ಕೆಟ್ಟರೆ ಮತ್ತೆ ಸುತ್ತಬಹುದು. ಎರಕದ ಕಬ್ಬಿಣದ ಉಂಗುರಗಳು ಶ್ರೇಷ್ಠವೇ. ಆದರೆ ಅವಕ್ಕೆ ಗೋಡೆಯೂ ಎರಕದ ಕಬ್ಬಿಣದ್ದೇ ಒಪ್ಪುವದು, ಮೆತ್ತನೆಯ ಹಿತ್ತಾಳೆಯನ್ನು ಅವು ಗೀರುತ್ತವೆ.

ಪಿಸ್ಟನ್ನನ್ನೇ ಇಡಿಯಾಗಿ ಟೆಫ್ಲಾನಿನಲ್ಲಿ ಕಡೆಯುವವರು ಒಂದು ಲೆಕ್ಕವನ್ನು ಮರೆಯಬಾರದು. ೨೦ ಮಿಲಿಮೀಟರು ವ್ಯಾಸದ ಟೆಫ್ಲಾನು ೧೦೦ ಅಂಶ ಕಾಯ್ದರೆ ಸುಮಾರು ಕಾಲು ಮಿಲಿಮೀಟರು ಹಿಗ್ಗುತ್ತದೆ. ಹಿತ್ತಾಳೆಯ ಕೊಳವೆ ಅದರ ಆರನೆಯ ಒಂದು ಪಾಲಿನಷ್ಟು ಮಾತ್ರ. ತಣ್ಣಗಿದ್ದಾಗ ಬಿಗಿಯಾಗಿ ಕೂತದ್ದು ಕಾಯ್ದಾಗ ಸಿಕ್ಕಿಬೀಳುವದು. ಆದುದರಿಂದ ತಣ್ಣಗಿರುವಾಗ ತುಸು ಸಡಿಲವೇ ಇರಲಿ.

ಲೈನರಿಗೆ ಕೊಂಡ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಉದ್ದಕ್ಕೆ ಗೀರು ಕಂಡರೆ ಬಿಟ್ಟುಬಿಡಬೇಕು. ಸುತ್ತು ಕೂಡಿಸಿದ ಪಿಸ್ಟನ್ನಿಗೆ ಎಣ್ಣೆ ಸವರಿ ಒಳಗಿಟ್ಟು, ಆಚೆಯ ಬಾಯನ್ನು ಹೆಬ್ಬೆರಳಿನಿಂದ ಮುಚ್ಚಿ ಒತ್ತಿದರೆ ಅದು ಗಾಳಿಯ ಮೇಲೆ ಪುಟಿಯಬೇಕು. ಬೆರಳು ತೆಗೆದರೆ ಸಲೀಸಾಗಿ ಸರಿಯಬೇಕು. ಪುಟಿಯದಿದ್ದರೆ ಸುತ್ತು ಸಡಿಲ, ಸರಿಯದಿದ್ದರೆ ಅತಿಬಿಗಿ. ಬಿಗಿಯಾದ ಪಂಪನ್ನು ನಡೆಸಲು ಹುಡುಗರು ಉರಿಯನ್ನು ಹೆಚ್ಚಿಸುವರು. ಕೈಸುಟ್ಟುಕೊಳ್ಳುವ ಸಂದರ್ಭ ಅದೇ. ಸುರಕ್ಷಾ ಕವಾಟವಿಲ್ಲದ ಬಾಯ್ಲರಿಗೆ ಉರಿ ಹಚ್ಚಲೇ ಕೂಡದು. ಹಿರಿಯರೊಬ್ಬರು ಕಡ್ಡಾಯವಾಗಿ ಬಳಿಯಲ್ಲಿರತಕ್ಕದ್ದು.

ಆಟ ಮುಗಿದ ಮೇಲೆ, ಸಿಲಿಂಡರು ಬೆಚ್ಚಗಿರುವಾಗಲೇ ಒಳಗಿನ ನೀರನ್ನು ಬಸಿದು, ಎರಡು ಹನಿ ಎಣ್ಣೆ ಬಿಟ್ಟು, ದಂಡವನ್ನು ಕೈಯಿಂದ ನಾಲ್ಕಾರು ಸಲ ಆಡಿಸಿ ಎತ್ತಿಡಬೇಕು. ನೀರಿನ ಕಡೆಯ ಚರ್ಮದ ಬಟ್ಟಲನ್ನು ಬಿಚ್ಚಿ ಎಣ್ಣೆ ಸವರಿ ಬೇರೆಯಾಗಿಡುವದೊಳಿತು. ಒಣಗಿದರೆ ಅದು ಮುಂದಿನ ಪ್ರದರ್ಶನಕ್ಕೆ ಒದಗದು.